ಹಿತ್ತಲಲ್ಲಿ ಒಂದು ರೂಮ್ ಕಟ್ಟಬೇಕು. ಪ್ಲಾನ್ ನಾನೇ ಹಾಕಿದ್ದೇನೆ, ಎಲ್ಲಿ ತಪ್ಪಿದೆ ನೋಡಿ

ಹೊಲಿಗೆಮನೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ಮೂರು ಮಿಷನ್, ಒಂದು ಓವರ್‌ಲಾಕ್. ಕಟ್ಟಡದ ಕೆಲಸ ನನಗೆ ಏನೇನೂ ಗೊತ್ತಿಲ್ಲ. ಅಳತೆ ಮಾತ್ರ ಗೊತ್ತು.

ವಿಷಯ ಏನೆಂದರೆ, ನಮ್ಮ ಅತ್ತೆಗೆ 78 ವರ್ಷ. ಹೋದ ವರ್ಷ ಯುಗಾದಿ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಈಗ ವಾಕರ್ ಹಿಡಿದು ಓಡಾಡುತ್ತಾರೆ. ಆಗಿನಿಂದ ಹಾಲ್‌ನಲ್ಲಿ ದಿವಾನ್ ಮೇಲೆ ಮಲಗುವುದು. ಮಗಳು ಸೆಕೆಂಡ್ ಪಿಯುಸಿ, ರಾತ್ರಿ ಓದಲು ಅವಳಿಗೂ ಹಾಲೇ ಬೇಕು. ಅತ್ತೆಗೆ ಒಂದು ಸ್ವಂತ ರೂಮ್, ಪಕ್ಕದಲ್ಲೇ ಬಾತ್‌ರೂಮ್, ಇಷ್ಟು ಆಗಬೇಕು.

ಸೈಟು 30×40, ಪೂರ್ವಕ್ಕೆ ರಸ್ತೆ. ಮಾವ 1998ರಲ್ಲಿ ಕಟ್ಟಿಸಿದ ಮನೆ. ಪಿಲ್ಲರ್ ಇಲ್ಲ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಮೇಲೆ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ. ಮನೆ ಅಗಲ 22 ಅಡಿ, ಉದ್ದ 25. ಎರಡೂ ಪಕ್ಕ ನಾಲ್ಕು ನಾಲ್ಕು ಅಡಿ, ಮುಂದೆ ಐದು, ಹಿಂದೆ ಹತ್ತು ಅಡಿ ಖಾಲಿ. ಹಿಂದಿನ ಮೂಲೆಯಲ್ಲಿ ಒಂದು ತೆಂಗಿನ ಮರ. ನಮ್ಮ ಊರಲ್ಲಿ ತೆಂಗಿನ ಮರ ಕಡಿಯುತ್ತೇನೆ ಅಂದರೆ ಮನೆಯವರು ಬಿಟ್ಟರೂ ಅಕ್ಕಪಕ್ಕದವರು ಬಿಡುವುದಿಲ್ಲ. ಮರ ಇರಲಿ.

ನನ್ನ ಪ್ಲಾನ್: ಹಿಂದಿನ ಆ ಹತ್ತು ಅಡಿ ಪೂರ್ತಿ ಬಳಸಿಕೊಂಡು 13×10 ರೂಮ್, 6×10 ಬಾತ್‌ರೂಮ್. ಗ್ರಾಫ್ ಹಾಳೆಯಲ್ಲಿ ಒಂದು ಅಡಿಗೆ ಅರ್ಧ ಇಂಚು ಲೆಕ್ಕದಲ್ಲಿ ಬರೆದಿದ್ದೇನೆ. ಮಂಚ, ಬೀರು, ಕುರ್ಚಿ ಎಲ್ಲ ಹಳೆ ಮದುವೆ ಕಾರ್ಡಿನಲ್ಲಿ ಕತ್ತರಿಸಿ, ಹಾಳೆ ಮೇಲೆ ಜರುಗಿಸಿ ನೋಡಿದೆ. ಚೆನ್ನಾಗಿ ಕೂರುತ್ತದೆ. ಫೋಟೋ ಹಾಕಿದ್ದೇನೆ.

ಮೇಸ್ತ್ರಿ ಹೇಳಿದ್ದು: "ಕಾಂಪೌಂಡ್ ಮೇಲೇ ಗೋಡೆ ಎತ್ತೋಣ ಅಕ್ಕ, ಒಂದು ಕಡೆ ಗೋಡೆ ಉಳಿತಾಯ. ಹಳೆ ಗೋಡೆ ಒಡೆದು ಹಲ್ಲು ಮಾಡಿ ಹೊಸದನ್ನು ಸೇರಿಸಿದರೆ ಆಯ್ತು." ಕೈಯಲ್ಲಿ ಇರುವುದು ನಾಲ್ಕೂವರೆ ಲಕ್ಷ. ಚೀಟಿ ದುಡ್ಡು, ಸ್ವಲ್ಪ ಚಿನ್ನದ ಸಾಲ. ಒಂದು ರೂಮಿಗೆ ಆರ್ಕಿಟೆಕ್ಟ್ ಯಾಕೆ ಅಂತ ನನ್ನ ವಾದ. ತಪ್ಪಿದ್ದರೆ ಬೈಯಿರಿ, ಆದರೆ ಕಾರಣ ಹೇಳಿ ಬೈಯಿರಿ.

ಬೆಣ್ಣೆದೋಸೆ, ದಾವಣಗೆರೆ

ಅಕ್ಕ, "ಹಲ್ಲು ಮಾಡಿ ಸೇರಿಸೋಣ" ಅನ್ನುವ ಮಾತು ಕೇಳಿ ನನ್ನ ಹೊಟ್ಟೆ ಉರಿಯಿತು. ನಾನೂ ಅದೇ ಮಾತು ಕೇಳಿ ಕಟ್ಟಿದವನು.

2019ರಲ್ಲಿ ನಮ್ಮ ಮನೆ ಹಿಂದೆ ಹನ್ನೊಂದು ಅಡಿಯ ರೂಮ್ ಸೇರಿಸಿದೆ. ಪ್ಲಾನ್ ನಂದೇ. ಹೊಸ ಗೋಡೆಯನ್ನು ಹಳೆಯದಕ್ಕೆ ಹಲ್ಲು ಕಚ್ಚಿಸಿ ಕಟ್ಟಿದರು. ನೋಡಲು ಒಂದೇ ಗೋಡೆ. ನಮ್ಮ ಕಡೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಹಳೆ ಮನೆ ಇಪ್ಪತ್ತು ವರ್ಷದಲ್ಲಿ ಕೂರುವಷ್ಟು ಕೂತಾಗಿತ್ತು. ಹೊಸದು ಆಗಷ್ಟೇ ಕೂರಲು ಶುರು ಮಾಡಿತು. ಅದರ ಪಾಯವೂ ಎರಡೇ ಅಡಿ. ಎರಡನೇ ಮಳೆಗಾಲಕ್ಕೆ ಸೇರಿಸಿದ ಜಾಗದಲ್ಲೇ ನೆಲದಿಂದ ಮೋಲ್ಡ್‌ವರೆಗೆ ಬಿರುಕು. ಮೊದಲು ಒಂದು ಕ್ಯಾಲೆಂಡರ್ ನೇತು ಹಾಕಿದರೆ ಮುಚ್ಚುತ್ತಿತ್ತು. ಈಗ ಎರಡು ಬೇಕು.

ಪ್ರತಿ ವರ್ಷ ಪುಟ್ಟಿ ತುಂಬಿಸುತ್ತೇನೆ, ಪ್ರತಿ ವರ್ಷ ಬಿಡುತ್ತದೆ. ತಿಪಟೂರಿನ ಕಡೆ ಕೆಂಪು ಮಣ್ಣು ಜಾಸ್ತಿ ಅಲ್ವಾ, ನಿಮಗೆ ಇಷ್ಟು ಕಾಟ ಇರಲಿಕ್ಕಿಲ್ಲ. ಆದರೂ ಹಳೆಯದನ್ನೂ ಹೊಸದನ್ನೂ ಕಟ್ಟಿ ಹಾಕಬೇಡಿ.

ಹಳೇಜೆಇ, ಹಾಸನ

ನೋಡಮ್ಮ, ನಾನು ಲೋಕೋಪಯೋಗಿ ಇಲಾಖೆಯಲ್ಲಿ ಜೆಇ, ಅಂದರೆ ಜೂನಿಯರ್ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತ. ನಿಮ್ಮ ನಕ್ಷೆ ದೊಡ್ಡದು ಮಾಡಿಕೊಂಡು ನೋಡಿದೆ. ಗೆರೆಗಳು ಅಚ್ಚುಕಟ್ಟಾಗಿವೆ. ನಮ್ಮ ಆಫೀಸಿನಲ್ಲಿ ಕೆಲವರು ಇಷ್ಟು ನೀಟಾಗಿ ಬರೆಯುತ್ತಿರಲಿಲ್ಲ.

ಆದರೆ ನಿಮ್ಮ ಗೋಡೆಗೆ ದಪ್ಪವೇ ಇಲ್ಲ! ಒಂದೊಂದು ಪೆನ್ಸಿಲ್ ಗೆರೆ, ಅಷ್ಟೇ. ಬ್ಲೌಸ್ ಕತ್ತರಿಸುವಾಗ ಮಾರ್ಜಿನ್ ಬಿಡದೆ ಕತ್ತರಿಸುತ್ತೀರಾ? ಇಲ್ಲಿ ಮಾರ್ಜಿನ್ ಬಿಟ್ಟಿಲ್ಲ. ಅದನ್ನು ಬಿಟ್ಟು ಮತ್ತೆ ಲೆಕ್ಕ ಹಾಕೋಣ. ಹಿಂದೆ ಇರುವುದು 10 ಅಡಿ. ಕಾಂಪೌಂಡಿನಿಂದ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ನಗರಸಭೆಯಲ್ಲಿ ಕೇಳಿ ತಿಳಿದುಕೊಳ್ಳಿ. ಸದ್ಯ ಲೆಕ್ಕಕ್ಕೆ 3 ಅಡಿ ಅಂದುಕೊಳ್ಳಿ. ಉಳಿದದ್ದು 7. ಆರು ಇಂಚಿನ ಬ್ಲಾಕ್, ಎರಡೂ ಕಡೆ ಗಾರೆ, ಒಟ್ಟು ಏಳು ಇಂಚು ಹೋಯಿತು. ಒಳಗೆ ಸಿಗುವುದು 6 ಅಡಿ 5 ಇಂಚು. ವಾಸದ ಕೋಣೆ ಕನಿಷ್ಠ 2.4 ಮೀಟರ್ ಅಗಲ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಹತ್ತಿರ ಹತ್ತಿರ 7 ಅಡಿ 10 ಇಂಚು. ಮೂರು ಅಡಿಯ ಮಂಚ ಹಾಕಿದರೆ ಪಕ್ಕದಲ್ಲಿ ಮೂರು ಚಿಲ್ಲರೆ ಅಡಿ. ಬೀರು ಅಲ್ಲೇ, ಕುರ್ಚಿ ಅಲ್ಲೇ, ವಾಕರ್ ತಿರುಗಿಸುವುದೂ ಅಲ್ಲೇ.

ಕಾಂಪೌಂಡ್ ಮೇಲೆ ಗೋಡೆ ಎತ್ತುವ ಮಾತು ಮರೆತುಬಿಡಿ. ಆ ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು ಅಂತ ಕಟ್ಟಿದ್ದು. ಅದರ ಮೇಲೆ ಮೋಲ್ಡ್ ಕೂರಿಸಿದರೆ ಪಕ್ಕದ ಮನೆಯವರ ಜೊತೆ ಜಗಳ, ಜೊತೆಗೆ ಬಿರುಕು, ಎರಡೂ ಉಚಿತ.

ಇನ್ನು ಗಾಳಿ. ನಿಮ್ಮ ಅಡುಗೆಮನೆ ಕಿಟಕಿ, ಬೆಡ್‌ರೂಮ್ ಕಿಟಕಿ ಎರಡೂ ಹಿಂದಕ್ಕೆ ತೆರೆಯುತ್ತವೆ. ಅವುಗಳ ಮುಂದೆ ರೂಮ್ ಬಂದರೆ ಒಗ್ಗರಣೆ ಘಾಟು, ಕುಕ್ಕರ್ ಹಬೆ ಎಲ್ಲ ನೇರ ಅತ್ತೆಯವರ ಮಂಚಕ್ಕೆ. ಹೊಸ ರೂಮಿಗೆ ಬೆಳಕು ತರುವ ಸಂಭ್ರಮದಲ್ಲಿ ಹಳೆ ರೂಮ್ ಕತ್ತಲು ಮಾಡುವುದನ್ನು ನಾನು ನೂರಾರು ಮನೆಯಲ್ಲಿ ನೋಡಿದ್ದೇನೆ. ಮೇಲೆ ಪಶ್ಚಿಮದ ಬಿಸಿಲು ಬೇರೆ.

ಬಾತ್‌ರೂಮಿನದು ಇನ್ನೊಂದು ಕಥೆ. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಬೇಕು. ಸೈಟಿನ ಹಿಂಬದಿಯಿಂದ ರಸ್ತೆಗೆ ಸುಮಾರು ಅಷ್ಟೇ ದೂರ. ಮನೆ ಮುಂದಿನ ಒಳಚರಂಡಿ ಚೇಂಬರ್ ಮುಚ್ಚಳ ತೆಗೆಸಿ, ಟೇಪ್ ಬಿಟ್ಟು ಆಳ ನೋಡಿ. ಅಲ್ಲಿ ಆ ಒಂದು ಅಡಿ ಸಿಗದಿದ್ದರೆ ಬಾತ್‌ರೂಮ್ ನೆಲ ಎತ್ತರಿಸಬೇಕು. ಎತ್ತರಿಸಿದರೆ ಮೆಟ್ಟಿಲು. ವಾಕರ್ ಹಿಡಿದವರಿಗೆ ಮೆಟ್ಟಿಲಾ? ವಾಸ್ತು ಕೇಳುವವರು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಕೇಳಲಿ. ಆದರೆ ಅದಕ್ಕೂ ಮೊದಲು ನೀರು ಎಲ್ಲಿಗೆ ಹರಿಯುತ್ತದೆ ಅಂತ ಕೇಳಿ.

ದಾವಣಗೆರೆಯವರು ಹೇಳಿದ್ದು ಸರಿ. ಸೇರಿಸಿ ಕಟ್ಟುವುದೇ ಆದರೆ ಹೊಸದಕ್ಕೆ ಅದರದೇ ಪಾಯ, ಅದರದೇ ಗೋಡೆ. ನಡುವೆ ಅರ್ಧ ಇಂಚು ಬಿಟ್ಟು, ಒತ್ತಿದರೆ ಕುಗ್ಗುವ ಬೋರ್ಡ್ ತುಂಬಿ, ಬಾಯಿ ಮುಚ್ಚಲು ಸೀಲೆಂಟ್ ಹಾಕುವುದು. ಎರಡೂ ತಮ್ಮಷ್ಟಕ್ಕೆ ತಾವು ಕೂರಲಿ.

ಆರ್ಕಿಟೆಕ್ಟ್ ಇಲ್ಲದೆ ನಕ್ಷೆ ಹಾಕುವುದು ಅಪರಾಧ ಅಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು ಆ ಹೆಸರನ್ನು. ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಆ ಕೆಲಸವನ್ನು ಬೇರೆ ಯಾರೂ ಮಾಡಬಾರದು ಅಂತ ಅದು ಹೇಳುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ನಗರಸಭೆಗೆ ಕೊಡುವ ನಕ್ಷೆಗೆ ಅಲ್ಲಿ ನೋಂದಣಿ ಇರುವ ಎಂಜಿನಿಯರ್ ಸಹಿ ಬೇಕಾಗುತ್ತದೆ.

ಕೊನೆಗೆ ಒಂದು ಪ್ರಶ್ನೆ. ನಕ್ಷೆಯಲ್ಲಿ ರಸ್ತೆ ಕಡೆ, ದಕ್ಷಿಣ ಮೂಲೆಯಲ್ಲಿ 9½×10ರ ಒಂದು ಕೋಣೆ ಇದೆ. ಅದಕ್ಕೆ ಹೆಸರೇ ಬರೆದಿಲ್ಲ. ಏನದು?

ಹೊಲಿಗೆಮನೆ, ತಿಪಟೂರು

ಸರ್, ಅದು ನನ್ನ ಹೊಲಿಗೆ ರೂಮ್. ಬರೆಯುವುದು ಮರೆತೇಹೋಯಿತು.

ಗೋಡೆ ಮಾರ್ಜಿನ್ ಮಾತು ಓದಿ ನಾಚಿಕೆ ಆಯಿತು. ಆದರೂ ಹಟ ಬಿಡಲಿಲ್ಲ. ಭಾನುವಾರ ಹಿತ್ತಲು ಗುಡಿಸಿ, ನೀವು ಹೇಳಿದ ಅಳತೆಯಲ್ಲಿ, ದಪ್ಪ ಬಿಟ್ಟು, ರಂಗೋಲಿ ಪುಡಿಯಲ್ಲಿ ಪೂರ್ತಿ ರೂಮ್ ಬರೆದೆ. ಬಾಗಿಲಿಗೆ ಎರಡು ಇಟ್ಟಿಗೆ ಇಟ್ಟೆ. ಮಂಚದ ಬದಲು ಚಾಪೆ. ಬೀರು ಜಾಗದಲ್ಲಿ ಅಕ್ಕಿ ಡ್ರಮ್ಮು. ಸಂಜೆ ನಾಲ್ಕು ಗಂಟೆಗೆ ಅತ್ತೆಯನ್ನು ಕರೆದೆ.

ಬಾತ್‌ರೂಮ್ ಬಾಗಿಲಿಗೆ ನಾನು ಎರಡೂವರೆ ಅಡಿ ಇಟ್ಟಿದ್ದೆ. ವಾಕರ್ ನೇರ ಬಂದರೆ ನುಗ್ಗುತ್ತದೆ. ಆದರೆ ಮಂಚದ ಕಡೆಯಿಂದ ತಿರುಗಿ ಬರುವಾಗ ವಾಕರಿನ ಒಂದು ಕಾಲು ಇಟ್ಟಿಗೆಗೆ ತಗಲಿತು. ಮೂರು ಸಲ ಮಾಡಿದರು, ಮೂರು ಸಲವೂ ತಗಲಿತು. ಕಾರ್ಡಿನಲ್ಲಿ ಕತ್ತರಿಸಿದ ಮಂಚ ಸಲೀಸಾಗಿ ಜರುಗುತ್ತಿತ್ತು, ಆದರೆ ನಾನು ಅತ್ತೆಯನ್ನು ಕಾರ್ಡಿನಲ್ಲಿ ಕತ್ತರಿಸಿರಲಿಲ್ಲ.

ಆಮೇಲೆ ಚಾಪೆ ಇದ್ದ ಜಾಗದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಬಿಸಿಲು ನೇರ ಮುಖಕ್ಕೆ. ಐದು ನಿಮಿಷ ಸುಮ್ಮನಿದ್ದರು. ಆಮೇಲೆ, "ಇಲ್ಲಿ ಕೂತು ನಾನು ಯಾರ ಮುಖ ನೋಡ್ಲಿ? ಈ ಕಾಂಪೌಂಡಿಂದಾ?" ಅಂದರು. ನಾನು ಮಾತಾಡಲಿಲ್ಲ. ಒಳಗೆ ಹೋಗುತ್ತಾ, "ರಸ್ತೆ ಕಡೆ ರೂಮು ನಿನ್ನ ಮಿಷನ್ನಿಗೆ ಬೇಕಾ, ನಂಗೆ ಬೇಕಾ?" ಅಂದರು.

ನಿಜ ಹೇಳುತ್ತೇನೆ, ತುಂಬಾ ಬೇಜಾರಾಯಿತು. ಆ ರೂಮ್ ಅನ್ನ ಕೊಡುತ್ತಿದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅಳತೆ ತೆಗೆದೆ. ಆ ರೂಮಿನಿಂದ ಈಗಿನ ಬಾತ್‌ರೂಮಿಗೆ ಹಾಲ್ ದಾಟಿ ಹನ್ನೆರಡು ಅಡಿ. ನೆಲ ಒಂದೇ ಮಟ್ಟ. ಕಿಟಕಿ ತೆರೆದರೆ ತರಕಾರಿ ಗಾಡಿ, ಶಾಲೆ ಮಕ್ಕಳು, ಎದುರುಮನೆ ಜಗಲಿ.

ಹಾಗಾದರೆ ನಾನು ಕಟ್ಟಬೇಕಾಗಿದ್ದು ಅತ್ತೆಗೆ ಅಲ್ಲ, ಮಿಷನ್‌ಗಳಿಗೆ. ಮಹಡಿ ಮೇಲೆ. ಅಳತೆ ಕೊಡಲು ಬರುವವರಿಗೆ ಹಾಲ್ ಮೂಲೆಯಲ್ಲಿ ಪರದೆ ಕಟ್ಟುತ್ತೇನೆ, ಅವರು ಹತ್ತುವುದು ಬೇಡ. ಹೊರಗಿನಿಂದ ದಕ್ಷಿಣ ಪಕ್ಕದಲ್ಲಿ ಮಾಳಿಗೆಗೆ ಹೋಗುವ ಮೆಟ್ಟಿಲು ಆಗಲೇ ಇದೆ. ಪಿಲ್ಲರ್ ಇಲ್ಲದ ಮನೆ ಮೇಲೆ ಕಟ್ಟಬಹುದಾ ಸರ್?

ದಾದಿ, ಶಿವಮೊಗ್ಗ

ನಡುವೆ ಬಂದೆ, ಕ್ಷಮಿಸಿ. ನಾನು ಮೂಳೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಮಹಡಿ ಏನಾದರೂ ಆಗಲಿ, ಮೊದಲು ಈಗಿನ ಬಾತ್‌ರೂಮ್ ಸರಿ ಮಾಡಿ. ಅದು ಈ ವಾರವೇ ಆಗುವ ಕೆಲಸ.

ಹೊಸ್ತಿಲು ತೆಗೆಸಿ. ಬಾಗಿಲು ಮೂರು ಅಡಿ ಮಾಡಿ, ಹೊರಗೆ ತೆರೆಯುವ ಹಾಗೆ. ಒಳಗೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರು ತೆಗೆಯಲಾಗುವುದಿಲ್ಲ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ನುಣುಪು ಟೈಲ್ಸ್ ಇದ್ದರೆ ತೆಗೆಸಿ, ಒರಟು ಟೈಲ್ಸ್ ಹಾಕಿಸಿ. ಹಿಡಿಕೆ ರಾಡನ್ನು ಇಟ್ಟಿಗೆಗೆ ಹೋಗುವ ಉದ್ದ ಬೋಲ್ಟಿನಲ್ಲಿ ಕೂರಿಸಬೇಕು, ಬರೀ ಗಾರೆಗೆ ಕಚ್ಚಿದ ಸ್ಕ್ರೂ ಮನುಷ್ಯರ ಭಾರ ತಡೆಯುವುದಿಲ್ಲ.

ಎತ್ತರ ಎಷ್ಟು ಅಂತ ಎಲ್ಲರೂ ಒಂದೊಂದು ಹೇಳುತ್ತಾರೆ. ನೀವು ಟೈಲರ್ ಅಲ್ವಾ? ಅತ್ತೆಯ ಅಳತೆ ತೆಗೆದುಕೊಳ್ಳಿ. ಕುರ್ಚಿಯಿಂದ ಎದ್ದೇಳುವಾಗ ಅವರ ಕೈ ಎಲ್ಲಿ ಒತ್ತುತ್ತದೆ, ನಿಂತಾಗ ಮಣಿಕಟ್ಟು ಎಲ್ಲಿ ಬರುತ್ತದೆ, ಮಂಡಿ ಎತ್ತರ ಎಷ್ಟು. ಕಮೋಡ್ ಸೀಟು ಮಂಡಿಗಿಂತ ಕೆಳಗೆ ಇರಬಾರದು. ಸೊಂಟದ ಆಪರೇಷನ್ ಆದವರು ತಗ್ಗಿನ ಸೀಟಿನಲ್ಲಿ ಕೂರಬಾರದು ಅಂತ ಡಾಕ್ಟರ್ ಹೇಳಿರುತ್ತಾರೆ.

ಹಳೇಜೆಇ, ಹಾಸನ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನಾನು ಆ ಹೆಸರಿಲ್ಲದ ಕೋಣೆ ಬಗ್ಗೆ ಕೇಳಿದ್ದೂ ಅದಕ್ಕೇ. ಆದರೆ ಅವರಷ್ಟು ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಪಿಲ್ಲರ್ ಇಲ್ಲದ ಮನೆ ಮೇಲೆ ಕಟ್ಟಬಹುದು. ಆದರೆ ಮೇಲಿನ ಗೋಡೆ ಕೆಳಗಿನ ಗೋಡೆ ಮೇಲೇ ಬರಬೇಕು. ಬರೀ ಮೋಲ್ಡ್ ಮೇಲೆ ಗೋಡೆ ಏರಿಸಬೇಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ನಾಲ್ಕು ಟನ್ ತೂಗುತ್ತದೆ. ಅಷ್ಟು ಭಾರ ಮೋಲ್ಡ್ ನಡುವೆ ಕೂತರೆ ಅದು ಬಾಗದೆ ಏನು ಮಾಡುತ್ತದೆ?

ನಿಮ್ಮ ನಕ್ಷೆ ಪ್ರಕಾರ ಹೊಲಿಗೆ ರೂಮ್ ಮತ್ತು ಅದರ ಹಿಂದಿನ ಬೆಡ್‌ರೂಮ್ ಒಂದೇ ಸಾಲಿನಲ್ಲಿವೆ. ಸುತ್ತಲೂ ಒಂಬತ್ತು ಇಂಚಿನ ಗೋಡೆ. ಅವೆರಡರ ಮೇಲೆ ಒಂದೇ ಉದ್ದನೆಯ ರೂಮ್ ಮಾಡಿ. ಹೊರ ಅಳತೆ 11×25. ನಾಲ್ಕು ಗೋಡೆಗೂ ಕೆಳಗೆ ಆಸರೆ ಇದೆ. ಅದರ ಉತ್ತರದ ಗೋಡೆ ಖಾಲಿ ಮಾಳಿಗೆಗೆ ಮುಖ ಮಾಡುತ್ತದೆ. ದೊಡ್ಡ ಕಿಟಕಿಗಳೆಲ್ಲ ಅಲ್ಲಿಗೇ ಬರಲಿ. ಉತ್ತರದ ಬೆಳಕಿಗೆ ಬಿಸಿಲಿನ ಹೊಡೆತ ಕಡಿಮೆ, ದಿನವಿಡೀ ಹೆಚ್ಚು ಕಡಿಮೆ ಒಂದೇ ಸಮ. ದಾರದ ಬಣ್ಣ ಹೊಂದಿಸುವವರಿಗೆ ಇದಕ್ಕಿಂತ ಏನು ಬೇಕು?

ಚಾವಣಿ. ಈ ಅಳತೆಗೆ ಐದು ಇಂಚಿನ ಮೋಲ್ಡ್ ಹಾಕಿದರೆ 8 ಟನ್. ಮಂಗಳೂರು ಹೆಂಚು ಹಾಕಿದರೆ, ಒಂದು ಹೆಂಚು ಎರಡೂವರೆ ಕಿಲೋ, ಚದರ ಮೀಟರಿಗೆ ಹದಿನೈದು ಹೆಂಚು ಅಂತ ಹಿಡಿದರೂ ಒಂದು ಟನ್ ಆಸುಪಾಸು. ಕಬ್ಬಿಣದ ಪೈಪು, ಹೆಂಚು ಕೂರಿಸುವ ರೀಪರ್ ಪಟ್ಟಿ ಎಲ್ಲ ಸೇರಿ ಎರಡು ಟನ್ ಒಳಗೆ ಮುಗಿಯುತ್ತದೆ. ಬರೀ ಶೀಟ್ ಹಾಕಬೇಡಿ, ಏಪ್ರಿಲ್‌ನಲ್ಲಿ ನೀವೇ ಬೆಂದು ಹೋಗುತ್ತೀರಿ. ಗೋಡೆಯಲ್ಲೂ ಭಾರ ಉಳಿಸಬಹುದು. ಕೇರಳದಲ್ಲಿ ಲಾರಿ ಬೇಕರ್ ತುಂಬಾ ಬಳಸಿದ ಒಂದು ಕಟ್ಟು ಇದೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಒಳಗೆ ಪೊಳ್ಳು ಬಿಟ್ಟು ಕಟ್ಟುವುದು. ರ್‍ಯಾಟ್ ಟ್ರ್ಯಾಪ್ ಅನ್ನುತ್ತಾರೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪು. ಮೇಸ್ತ್ರಿಗೆ ಬರುತ್ತದಾ ಕೇಳಿ. ಬರದಿದ್ದರೆ ನಿಮ್ಮ ಮನೆ ಮೇಲೆ ಕಲಿಯುವುದು ಬೇಡ, ಆರಿಂಚಿನ ಬ್ಲಾಕ್ ಸಾಕು. ಯಾವುದೇ ಆದರೂ ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ತಲೆ ಮೇಲೆ, ಸುತ್ತಲೂ ತುಂಡಾಗದ ಕಾಂಕ್ರೀಟ್ ಪಟ್ಟಿ ಬರಬೇಕು.

ಮೆಟ್ಟಿಲು ಅಳೆದು ಹೇಳಿ, ಎಷ್ಟಿವೆ, ಒಂದೊಂದು ಎಷ್ಟು ಎತ್ತರ?

ಇನ್ನು, ಪಾಯ ಇದನ್ನೆಲ್ಲ ಹೊರುತ್ತದಾ ಅನ್ನುವುದನ್ನು ಮಾತ್ರ ನೀವೂ ತೀರ್ಮಾನ ಮಾಡಬೇಡಿ, ನಾನೂ ಇಲ್ಲಿ ಕೂತು ಮಾಡುವುದಿಲ್ಲ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಗೋಡೆ ಪಕ್ಕ ಒಂದೇ ಕಡೆ ಮೂರು ಅಡಿ ಉದ್ದದ ಗುಂಡಿ ತೋಡಿಸಿ, ಪಾಯದ ಅಗಲ, ಆಳ, ಕೆಳಗಿನ ಮಣ್ಣು ಅವರು ನೋಡಲಿ. ಕಲ್ಲಿನ ಅಡಿಗೆ ಕೈ ಹಾಕಬಾರದು. ಅವತ್ತೇ ಗುಂಡಿ ಮುಚ್ಚಿ ಕುಟ್ಟಿಸಿ. ಆರ್ಕಿಟೆಕ್ಟ್ ದುಡ್ಡು ಉಳಿಸಿದ್ದೀರಲ್ಲ, ಇದಕ್ಕೆ ಉಳಿಸಬೇಡಿ.

ಬೆಣ್ಣೆದೋಸೆ, ದಾವಣಗೆರೆ

ಸರ್, ನೀವು 2019ರಲ್ಲಿ ಎಲ್ಲಿದ್ರಿ?

ಹೊಲಿಗೆಮನೆ, ತಿಪಟೂರು

ಐದು ವಾರ ಆಯಿತು. ಬರೆಯುತ್ತೇನೆ ಅಂದುಕೊಂಡೇ ಇದ್ದೆ, ಮದುವೆ ಸೀಸನ್, ಕೈ ಬಿಡುವಾಗಲಿಲ್ಲ.

ಬಾತ್‌ರೂಮ್ ಮೊದಲು ಮುಗಿಯಿತು. ದಾದಿ ಅಕ್ಕ, ನೀವು ಹೇಳಿದ ಹಾಗೆ ಅಳತೆ ತೆಗೆದೆ. "ಇಷ್ಟು ವರ್ಷ ಊರಿಗೆಲ್ಲ ಅಳತೆ ತಗೊಂಡೆ, ನಂದು ಇವತ್ತು ತಗೊಳ್ತಾ ಇದೀಯ" ಅಂತ ಅತ್ತೆ ನಕ್ಕರು. ಕಮೋಡ್ ಎರಡೂವರೆ ಇಂಚು ಎತ್ತರಿಸಿ ಕೂರಿಸಿದರು. ಬಾಗಿಲು ಹೊರಗೆ ತೆರೆಯುತ್ತದೆ.

ಎಂಜಿನಿಯರ್ ಬಂದರು, ನಮ್ಮ ಊರಿನವರೇ. ಪಾಯ ನೋಡಿ ಲೆಕ್ಕ ಹಾಕಿ, ನಗರಸಭೆ ನಕ್ಷೆಗೆ ಸಹಿ ಹಾಕಲು ಒಟ್ಟು ಒಂಬತ್ತು ಸಾವಿರ ತೆಗೆದುಕೊಂಡರು. ನನ್ನ ಗ್ರಾಫ್ ಹಾಳೆಯನ್ನೇ ಕಂಪ್ಯೂಟರಿಗೆ ಹಾಕಿಕೊಂಡರು. ಒಂದು ಕಿಟಕಿ ಮಾತ್ರ ಮೂಲೆಗೆ ಹತ್ತಿರ ಇದೆ ಅಂತ ಎರಡು ಅಡಿ ಸರಿಸಿದರು. ಈ ಸಲ ಗೋಡೆಗೆ ಮಾರ್ಜಿನ್ ಬಿಟ್ಟಿದ್ದೆ ಸರ್.

ಮೆಟ್ಟಿಲು 15, ಒಂದೊಂದು ಎಂಟೂವರೆ ಇಂಚಿಗೆ ಸ್ವಲ್ಪ ಕಡಿಮೆ. ನನಗೇ ಏದುಸಿರು ಬರುತ್ತದೆ. ಒಟ್ಟು ಎತ್ತರ 126 ಇಂಚು. ಅದನ್ನು ಒಡೆದು ಏಳೇಳು ಇಂಚಿನ 18 ಮೆಟ್ಟಿಲು, ಕಾಲಿಡಲು ಹತ್ತು ಇಂಚು ಮಾಡಿದರೆ ಉದ್ದ 14 ಅಡಿ 2 ಇಂಚು ಬರುತ್ತದೆ. ಪಕ್ಕದ ಗೋಡೆ 25 ಅಡಿ ಇದೆ, ಕೂರುತ್ತದೆ. ಇದು ನನ್ನ ಲೆಕ್ಕ, ಎಂಜಿನಿಯರ್ ಒಪ್ಪಿದ್ದಾರೆ. ಪಕ್ಕದ ಜಾಗದಲ್ಲಿ ಮತ್ತೆ ಕಟ್ಟಲು ನಗರಸಭೆ ಬಿಡುತ್ತದಾ ಅಂತ ಅವರೇ ಕೇಳಿಕೊಂಡು ಬರುತ್ತಾರೆ.

ಗುಂಡಿ ತೋಡಿದ ದಿನದ್ದು ಹೇಳಲೇಬೇಕು. ಮೂರೂವರೆ ಅಡಿ ಆಳಕ್ಕೆ ಹೋದರೂ ಸೈಜ್ ಕಲ್ಲು ಮುಗಿಯಲಿಲ್ಲ. ನಾಲ್ಕಕ್ಕೆ ಗಟ್ಟಿ ಗರಸು ಸಿಕ್ಕಿತು. ಅಡಿಯಲ್ಲಿ ಪಾಯದ ಅಗಲ ಎರಡೂಕಾಲು ಅಡಿ. "ಯಜಮಾನ್ರು ಮೇಲೆ ಕಟ್ಟೋ ಆಸೆ ಇಟ್ಕೊಂಡೇ ಪಾಯ ಹಾಕ್ಸಿದ್ದಾರೆ" ಅಂದರು ಎಂಜಿನಿಯರ್. ನನ್ನ ಯಜಮಾನರಿಗೂ ಇದು ಗೊತ್ತಿರಲಿಲ್ಲ. ಅತ್ತೆ ಕಿಟಕಿಯಿಂದಲೇ, "ಆ ಕಲ್ಲಿಗೆ ಅಂತ ನನ್ನ ಎರಡು ಬಳೆ ಹೋಗಿತ್ತು" ಅಂದರು. ಈಗ ಅವರು ಮಲಗುವುದು ರಸ್ತೆ ಕಡೆ ರೂಮಿನಲ್ಲೇ. ಮಿಷನ್‌ಗಳು ಸದ್ಯಕ್ಕೆ ಹಾಲ್‌ನಲ್ಲಿವೆ, ಮಗಳ ಪರೀಕ್ಷೆ ಮುಗಿಯುವವರೆಗೆ ರಾತ್ರಿ ಎಂಟಕ್ಕೆ ಹೊಲಿಗೆ ಬಂದ್.

ದುಡ್ಡು ಸ್ವಲ್ಪ ಮೀರುವ ಹಾಗಿದೆ. ಹೆಂಚನ್ನು ಹಳೆಯದೇ ತೆಗೆದುಕೊಳ್ಳೋಣ ಅಂತ ನೋಡುತ್ತಿದ್ದೇನೆ. ಹಳ್ಳಿ ಕಡೆ ಹಳೆ ಮನೆ ಕೆಡವಿದವರ ಹತ್ತಿರ ಸಿಗುತ್ತದೆ ಅಂತ ಮೇಸ್ತ್ರಿ ಹೇಳಿದರು.

ಈಗ ಒಂದೇ ಭಯ. ನಮ್ಮ ಬೀದಿಯಲ್ಲಿ ಕೋತಿ ಕಾಟ ಜಾಸ್ತಿ. ತೆಂಗಿನ ಮರದಿಂದ ನೇರ ಮಾಳಿಗೆಗೆ ಹಾರುತ್ತವೆ. ಹೆಂಚಿನ ಮನೆಯವರು ಯಾರಾದರೂ ಇದ್ದರೆ ಹೇಳಿ, ಮೇಲೆ ಜಾಲರಿ ಹಾಕಿಸಿದರೆ ತಡೆಯುತ್ತದಾ? ಅಥವಾ ಹೆಂಚನ್ನು ತಂತಿಯಲ್ಲಿ ರೀಪರ್‌ಗೆ ಬಿಗಿದರೆ ಸಾಕಾ?